ಸೂಜವ್ವ ಮುಳ್ಳು ಇಳಿಸಿದ್ದು

ಒಂದು ಕುರುಚಲು ಕಾಡಿನಲ್ಲಿ, ಬಂಡೆಯ ಬುಡದಲ್ಲಿ ಬಿಲ ಕೊರೆದುಕೊಂಡು ಸೂಜವ್ವ ಎಂಬ ಮುಳ್ಳುಹಂದಿ ವಾಸವಾಗಿದ್ದಳು. ಅವಳಿಗೆ ಒಬ್ಬಳೇ ಮಗಳು, ಹೆಸರು ಚಿಗುರಿ. ಚಿಗುರಿಯ ಮೈಮುಳ್ಳು ಇನ್ನೂ ಬಲಿತಿರಲಿಲ್ಲ, ಹುಲ್ಲುಕಡ್ಡಿಯಷ್ಟು ಮೆತ್ತಗಿತ್ತು. ನಾಲಿಗೆ ಮಾತ್ರ ಚೆನ್ನಾಗಿ ಬಲಿತಿತ್ತು.

ಒಂದು ಮುಂಜಾನೆ ಸೂಜವ್ವ ಕಾಡೆಲ್ಲ ಸುತ್ತಿ, ಜಿಂಕೆ ಉದುರಿಸಿದ ಕೊಂಬೊಂದನ್ನು ಕಚ್ಚಿಕೊಂಡು ಬಂದಳು. ಮುಳ್ಳುಹಂದಿಯ ಹಲ್ಲು ದಿನವೂ ಬೆಳೆಯುತ್ತದೆ. ಕೊಂಬು, ಮೂಳೆ ಕಡಿದು ಅದನ್ನು ಸವೆಸಬೇಕು.

"ತಗೋ, ಕಡಿ," ಎಂದಳು ಸೂಜವ್ವ.

"ನಿನ್ನೆಯೂ ಇದೇ, ಇವತ್ತೂ ಇದೇ. ನನಗೆ ಬೇಡ."

"ಎದುರುತ್ತರ ಕೊಡ್ತೀಯಾ? ಕಡಿ ಅಂದ್ರೆ ಕಡಿ!"

"ಬೇಡ ಅಂದ್ರೆ ಬೇಡ!"

ಅಷ್ಟೇ ಸಾಕಾಯಿತು. ಸೂಜವ್ವನ ಬೆನ್ನ ಮುಳ್ಳುಗಳು ಜರ್ರನೆ ಎದ್ದು ನಿಂತವು. ಹುಲಿ ಬಂದಾಗ ಏಳಬೇಕಾದ ಮುಳ್ಳುಗಳು ಗೇಣುದ್ದದ ಮಗಳ ಮುಂದೆ ಎದ್ದಿದ್ದವು. "ತಪ್ಪಾಯ್ತು ಅನ್ನೋವರೆಗೂ ಒಳಗೆ ಕಾಲಿಡಬೇಡ," ಎಂದು ಮಗಳನ್ನು ಹೊರಗೆ ತಳ್ಳಿ, ಬಿಲದ ಬಾಯಿಗೆ ಬೆನ್ನು ಕೊಟ್ಟು ನಿಂತಳು.

ಇದು ಅವಳು ತಾನಾಗಿ ಕಲಿತ ವಿದ್ಯೆಯಲ್ಲ. ಅವಳ ಅವ್ವನೂ ಹೀಗೇ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಚಿಕ್ಕಂದಿನಲ್ಲಿ ಒಮ್ಮೆ ಸೂಜವ್ವ ಉರಿಬಿಸಿಲಲ್ಲಿ ಹೊತ್ತು ಮುಳುಗುವವರೆಗೂ ಹೊರಗೆ ನಿಂತಿದ್ದಳು. ಕೊನೆಗೆ, ತಪ್ಪೇನೆಂದು ತಿಳಿಯದಿದ್ದರೂ, ತಪ್ಪಾಯ್ತು ಎಂದು ಒಳಗೆ ಹೋಗಿದ್ದಳು. ಆಮೇಲೆ ಅವಳು ಯಾರಿಗೂ 'ಬೇಡ' ಎಂದವಳಲ್ಲ. ಅದಕ್ಕೇ ಮಗಳ ಬಾಯಲ್ಲಿ ಆ ಮಾತು ಬಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಜನ್ಮದಲ್ಲಿ ಆಡದ ಮಾತನ್ನು ಇವಳು ಇಷ್ಟು ಸಲೀಸಾಗಿ ಆಡುವುದೇ?

ಆದರೆ ನಿಂತಲ್ಲಿ ನಿಲ್ಲಲು ಆಗಲಿಲ್ಲ. ಮೂಲೆಗೆ ಹೋದಳು, ಬಂದಳು. ಸುಮ್ಮನೆ ಮಣ್ಣು ಕೆರೆದಳು. ಮತ್ತೆ ಹೋದಳು, ಬಂದಳು. ಹೊರಗೆ ಮಗಳು ಬಿಕ್ಕುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಸೂಜವ್ವ ತಡೆಯಲಾರದೆ ಹೊರಗೆ ಬಂದು ನೋಡಿದರೆ ಚಿಗುರಿ ಇಲ್ಲ! ಮಣ್ಣಿನಲ್ಲಿ ಅವಳ ಪುಟ್ಟ ಹೆಜ್ಜೆ, ಪಕ್ಕದಲ್ಲೇ ನರಿಯ ಹೆಜ್ಜೆ.

ಆ ಹೆಜ್ಜೆ ನಾಜೂಕಯ್ಯ ಎಂಬ ನರಿಯದು. ಮುಳ್ಳು ಬಲಿಯುವ ಮೊದಲೇ ಚಿಗುರಿಯನ್ನು ತಿಂದು ಮುಗಿಸಬೇಕೆಂದು ಅವನು ತಿಂಗಳಿಂದ ಹೊಂಚು ಹಾಕಿದ್ದ. ಬಿಲದ ಹತ್ತಿರವೇ ಬಾಯಿ ಹಾಕಿದರೆ ತಾಯಿಗೆ ಕೇಳಿಸುತ್ತದೆ ಎಂದು, ಪುಸಲಾಯಿಸಿ ದೂರ ಕರೆದೊಯ್ಯುತ್ತಿದ್ದ. ಸೂಜವ್ವ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹಳ್ಳದ ದಂಡೆಯಲ್ಲಿ ಇಬ್ಬರೂ ಕಂಡರು.

"ಚಿಗುರೀ! ಬಾ ಇಲ್ಲಿ!"

"ಬರೋದಿಲ್ಲ!"

ಮುಳ್ಳುಗಳು ಮತ್ತೆ ಜರ್ರನೆ ಎದ್ದವು. ಇದನ್ನೇ ಕಾದಿದ್ದ ನಾಜೂಕಯ್ಯ ಬೆಣ್ಣೆಯಂಥ ದನಿಯಲ್ಲಿ, "ನೋಡಿದೆಯಾ ಕಂದಾ, ನಿಮ್ಮವ್ವನ ಮೈತುಂಬ ಈಟಿ. ನನ್ನ ಮೈ ಮುಟ್ಟಿ ನೋಡು, ಎಷ್ಟು ಮೆತ್ತಗಿದೆ," ಎಂದ. ಚಿಗುರಿ ನರಿಯ ಕಡೆಗೆ ಒಂದು ಹೆಜ್ಜೆ ಸರಿದಳು.

"ಅವನು ನಿನ್ನ ತಿಂತಾನೆ ಕಣೇ! ಬಾ ಅಂದ್ರೆ ಬಾ!" ಸೂಜವ್ವ ಕಿರುಚಿದಳು. ಮುಳ್ಳುಗಳು ಗಲಗಲ ಸದ್ದು ಮಾಡಿದವು. ಚಿಗುರಿ ಇನ್ನೊಂದು ಹೆಜ್ಜೆ ಸರಿದಳು.

ಮೂರನೆಯ ಸಲ ಕಿರುಚಲು ಬಾಯಿ ತೆರೆದ ಸೂಜವ್ವ ಮಗಳ ಕಾಲು ನೋಡಿದಳು. ಗದ್ದವೇನೋ ಮೇಲಿತ್ತು, ಹಿಂಗಾಲು ಗಡಗಡ ನಡುಗುತ್ತಿತ್ತು. ಆ ನಡುಕ ಅವಳಿಗೆ ಗೊತ್ತು. ಅಂದು ಉರಿಬಿಸಿಲಲ್ಲಿ ನಿಂತಾಗ ಅವಳ ಕಾಲೂ ಹೀಗೇ ನಡುಗಿತ್ತು. ಅವ್ವ ಒಮ್ಮೆ ಇತ್ತ ತಿರುಗಲಿ, ಅಷ್ಟೇ ಸಾಕು ಎಂದು ಅವಳು ಇಡೀ ದಿನ ಕಾದಿದ್ದಳು. ಅವ್ವ ತಿರುಗಲೇ ಇಲ್ಲ.

ಸೂಜವ್ವ ಉಸಿರು ಬಿಗಿಹಿಡಿದು, ನರಿಯ ಕಣ್ಣೆದುರೇ, ಒಂದೊಂದಾಗಿ ಮುಳ್ಳು ಇಳಿಸಿದಳು. ಜೀವ ಬಾಯಿಗೆ ಬಂದಿತ್ತು.

"ಚಿಗುರಿ, ನೀನು ಬೇಡ ಅಂದಿದ್ದಕ್ಕೆ ನನಗೆ ಸಿಟ್ಟು ಬಂತು. ಈಗಲೂ ಇದೆ. ಆದರೂ ಬಿಲ ನಿನ್ನದೇ ಮಗಾ. ಒಳಗೆ ಬರೋಕೆ ನೀನು ತಪ್ಪಾಯ್ತು ಅನ್ನಬೇಕಾಗಿಲ್ಲ."

ಚಿಗುರಿ ಓಡಿ ಬಂದು ಅವ್ವನ ಹೊಟ್ಟೆಯ ಕೆಳಗೆ ನುಸುಳಿಕೊಂಡಳು.

ಮುಳ್ಳು ಇಳಿದದ್ದನ್ನು ಕಂಡ ನಾಜೂಕಯ್ಯನ ಬಾಯಲ್ಲಿ ನೀರೂರಿತು. ಒಂದರ ಜೊತೆ ಇನ್ನೊಂದು ಎಂದುಕೊಂಡು ಹಾರಿಯೇಬಿಟ್ಟ. ಸೂಜವ್ವ ಗಿರ್ರನೆ ತಿರುಗಿದಳು. ಬೆನ್ನು ತೋರಿಸಬೇಕಾದವನಿಗೆ ಬೆನ್ನು ತೋರಿಸಿ, ಮುಳ್ಳೆಲ್ಲ ಕೆದರಿಕೊಂಡು ಹಿಂದಕ್ಕೆ ನುಗ್ಗಿದಳು. ನಾಜೂಕಯ್ಯನ ಮೂತಿಗೆ ಐದು, ನಾಲಿಗೆಗೆ ಎರಡು ಮುಳ್ಳು ಚುಚ್ಚಿಕೊಂಡವು. ಅವನು ಕುಂಯ್ಗುಡುತ್ತ ಹಳ್ಳ ದಾಟಿ ಓಡಿದ. ಬೆಣ್ಣೆಯಂಥ ಮಾತಿರಲಿ, ಬಹಳ ದಿನ ಅವನಿಗೆ ನೀರು ಕುಡಿಯಲೂ ಆಗಲಿಲ್ಲ.

ತಾಯಿ ಮಗಳು ಬಿಲದ ಕಡೆ ಹೊರಟರು. ಸೂಜವ್ವನ ಎದೆ ಇನ್ನೂ ಡವಡವ ಎನ್ನುತ್ತಿತ್ತು.

"ಬೇಗ ಬೇಗ ನಡಿಯೇ," ಎಂದಳು.

"ನಡಿಯಲ್ಲ, ಕಾಲು ನೋಯ್ತಿದೆ," ಎಂದಳು ಚಿಗುರಿ.

ಸೂಜವ್ವನ ಬೆನ್ನ ಮೇಲೆ ಮತ್ತೆ ಜರ್ರೆಂದಿತು. ಅವಳು ನಿಂತಳು. ಉಸಿರು ಎಳೆದುಕೊಂಡಳು. ಇಳಿಸಿದಳು. ಅಂದು ಮನೆ ಸೇರುವಷ್ಟರಲ್ಲಿ ಅವಳು ನಾಲ್ಕು ಸಲ ಮುಳ್ಳು ಇಳಿಸಬೇಕಾಯಿತು.

ನೀತಿ: ಮಗು ಎದುರು ಮಾತಾಡಿದಾಗ ನಮಗೆ ಬರುವ ಸಿಟ್ಟು ಎಷ್ಟೋ ಸಲ ನಮ್ಮ ಬಾಲ್ಯದ್ದು. ಅದನ್ನು ಗುರುತಿಸಿ ಇಳಿಸಿಕೊಂಡರೆ ಮಗು ತಾನಾಗಿ ಹತ್ತಿರ ಬರುತ್ತದೆ.