ಕೂಗುವ ಯಂತ್ರ, ಕೂಗದ ಯಂತ್ರ

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಸಮೀಪಿಸಿತ್ತು. ಖಾಲಿ ತೋಟಾಗಳಿಗೆ ಮದ್ದು, ಗುಂಡು ತುಂಬುವ ಎರಡು ಯಂತ್ರಗಳನ್ನು ದೇಚಮ್ಮನವರು ಪರೀಕ್ಷೆಗೆಂದು ಮನೆಗೆ ತರಿಸಿದರು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಅಂಗಡಿಗೆ ಹಿಂದಿರುಗಿಸಬೇಕಿತ್ತು. ಎರಡೂ ಹಿಡಿಕೆ ಎಳೆದಾಗಲೆಲ್ಲ ಒಂದೊಂದು ತೋಟಾ ಸಿದ್ಧಪಡಿಸುತ್ತಿದ್ದವು. ಸಣ್ಣದಕ್ಕೆ ಮಾತ್ರ ಒಂದು ಗಂಟೆಯಿತ್ತು.

ದೊಡ್ಡ ಯಂತ್ರ ಸದ್ದಿಲ್ಲದೆ ಪೆಟ್ಟಿಗೆ ತುಂಬಿಸಿತು. ಸಣ್ಣದು ಕೆಲಸ ಆರಂಭಿಸಿದೊಡನೆಯೇ ಗಂಟೆ ಬಾರಿಸಿ ನಿಂತಿತು.

"ಏನಮ್ಮ ತಂಗಿ, ಇಷ್ಟು ಬೇಗ ಅಳು ಬಂತೇ? ನನ್ನನ್ನು ನೋಡು, ಉಸಿರೆತ್ತಲಿಲ್ಲ," ಎಂದಿತು ದೊಡ್ಡದು.

"ಮದ್ದು ತೇವಕ್ಕೆ ಗಂಟುಕಟ್ಟಿದೆ, ಅಣ್ಣ. ಈ ತೋಟಾದೊಳಗೆ ಬಿದ್ದೇ ಇಲ್ಲ. ನಿನಗೂ ಇದೇ ಮದ್ದನ್ನು ಸುರಿದಿದ್ದರಲ್ಲವೇ?"

ಗೋಡೆಯ ಮೇಲಿದ್ದ ಕೋವಿ ಬೆಚ್ಚಿ ದೊಡ್ಡದನ್ನು ಕೇಳಿತು, "ಹಾಗಾದರೆ ನಿನ್ನ ಪೆಟ್ಟಿಗೆಯಲ್ಲಿ ಮದ್ದಿಲ್ಲದ್ದು ಯಾವುದಯ್ಯ?"

"ಹಾರಿಸಿ ನೋಡು, ತಿಳಿಯುತ್ತದೆ," ಎಂದಿತು ದೊಡ್ಡದು.

"ಮದ್ದಿಲ್ಲದೆ ಬರೀ ಕೇಪಿನ ಸಣ್ಣ ಸಿಡಿತಕ್ಕೆ ಅದರ ಗುಂಡು ಅರ್ಧ ದಾರಿಯಲ್ಲೇ ನನ್ನ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಇನ್ನೊಂದು ಬಂದರೆ ನಾನೇ ಸಿಡಿಯುತ್ತೇನೆ. ಆಮೇಲೆ ತಿಳಿದು ಏನು ಫಲ?"

ಗಂಟೆ ಕೇಳಿದ ದೇಚಮ್ಮನವರಿಗೂ ಅದೇ ಸಂಶಯ ಬಂದಿತ್ತು. ಅವರು ದೊಡ್ಡದರ ತೋಟಾಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಕೆಲವುಗಳಲ್ಲಿ ಮದ್ದೇ ಇರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, ಆ ಯಂತ್ರವನ್ನು ಅದು ಬಂದ ರಟ್ಟಿನ ಡಬ್ಬದೊಳಗಿಟ್ಟರು.

"ನಾನು ಯಾರಿಗಾದರೂ ಒಮ್ಮೆಯಾದರೂ ತೊಂದರೆ ಕೊಟ್ಟೆನೇ?" ಎಂದು ಡಬ್ಬದೊಳಗಿನಿಂದ ದೊಡ್ಡದು ಗೊಣಗಿತು.

"ಇಲ್ಲ," ಎಂದಿತು ಕೋವಿ. "ತೊಂದರೆಯನ್ನೆಲ್ಲ ನನಗೇ ಉಳಿಸಿದ್ದೆ."

ದೇಚಮ್ಮನವರು ಸಣ್ಣದರ ಹಿಡಿಕೆ ಎಳೆದರು. ಮದ್ದು ಈ ಸಲವೂ ಬೀಳಲಿಲ್ಲ; ಅದು ಮತ್ತೆ ಗಂಟೆ ಬಾರಿಸಿತು.

"ಕೂಗು ತಂಗಿ, ಕೂಗು!" ಎಂದು ಕೋವಿ ಹಿಗ್ಗಿತು.