ಅಂಗುಳಿನ ಗೆರೆ

"ಸರ್, ಅಸೂಯೆ ಕೆಟ್ಟದ್ದೇ?" ಎಂದು ಇಂದುಧರ ಕೇಳಿದ.

ಅವನು ದಂತವೈದ್ಯ ಕಾಲೇಜಿನ ವಿದ್ಯಾರ್ಥಿ. ಬಾಯೊಳಗಿನ ಗುರುತುಗಳನ್ನು ತೋರಿಸುವ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಸಹಪಾಠಿ ತಸ್ನೀಮ್ ಒಂದನ್ನೂ ತಪ್ಪದೆ ತೋರಿಸಿದ್ದಳು.

"ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ, ನಿಜ. ಆದರೆ ಆ ಕಿಚ್ಚಿನಿಂದಲೇ ನಾನು ಓದುತ್ತೇನೆ. ನಮಗೆ ಕಲಿಸುವಂಥದ್ದು ಕೆಟ್ಟದ್ದು ಹೇಗಾಗುತ್ತದೆ?"

ಪ್ರಾಧ್ಯಾಪಕ ಗುರುಶಾಂತಪ್ಪನವರು ಕೈ ಒರೆಸಿಕೊಂಡು ಕುಳಿತರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದಂತವೈದ್ಯನಿದ್ದ. ಹಲ್ಲು ಕಟ್ಟಿಸಿಕೊಳ್ಳುವವರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಕಟ್ಟಿದ ಹಲ್ಲು ಸಡಿಲವಾಯಿತೆಂದು ದೂರಿದರೆ, ಅಭ್ಯಾಸವಾಗುತ್ತದೆ ಎನ್ನುತ್ತಿದ್ದ. ಬೇರೆ ವೈದ್ಯನಿಲ್ಲದ್ದರಿಂದ ಜನ ಅಭ್ಯಾಸ ಮಾಡಿಕೊಳ್ಳುತ್ತಿದ್ದರು.

ಆಮೇಲೆ ಅದೇ ಬೀದಿಗೆ ಕಿರಿಯ ವೈದ್ಯನೊಬ್ಬ ಬಂದ. ಅವನು ಕಟ್ಟಿದ ಹಲ್ಲು ಅಲುಗುತ್ತಿರಲಿಲ್ಲ. ಹಿರಿಯನ ಮನಸ್ಸು ಕೆಟ್ಟಿತು. ದಾರಿಯಲ್ಲಿ ಯಾರು ನಕ್ಕರೂ, ಅದು ತಾನು ಕಟ್ಟಿದ್ದೋ ಅವನು ಕಟ್ಟಿದ್ದೋ ಎಂದು ನೋಡುತ್ತಿದ್ದ. ಒಂದು ಮದುವೆಯ ಊಟದಲ್ಲಿ ಎದುರು ಸಾಲಿನ ಮುದುಕ ಆ ಕಿರಿಯ ಕಟ್ಟಿದ ಹಲ್ಲಿನಿಂದ ಚಕ್ಕುಲಿ ಕಡಿದ. ಹಿರಿಯ ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದ.

ಆ ಉರಿಯಲ್ಲಿ ಅವನು ಮತ್ತೆ ಪುಸ್ತಕ ಹಿಡಿದ. ಅಂಗುಳಿನ ಮುಂಭಾಗ ಗಟ್ಟಿ, ಹಿಂಭಾಗ ಮೆತ್ತಗೆ. ಬಾಯಿ ತೆರೆದು 'ಆ' ಎಂದರೆ ಮೆತ್ತನೆಯ ಭಾಗ ನಡುಗುತ್ತದೆ. ನಡುಕ ತೊಡಗುವಲ್ಲಿ ಒಂದು ಗೆರೆಯುಂಟು. ಮೇಲಿನ ಕಟ್ಟುಹಲ್ಲಿನ ಸೆಟ್ಟಿನ ಹಿಂದಿನ ಅಂಚು ಆ ಗೆರೆಯನ್ನು ಒತ್ತಿ ಕೂತರೆ ಒಳಗೆ ಗಾಳಿ ಹೋಗದು, ಸೆಟ್ಟು ಬೀಳದು. ಇಷ್ಟು ಕಾಲ ಅವನು ಆ ಗೆರೆಯನ್ನು ಅಂದಾಜಿನ ಮೇಲೆ ಗುರುತಿಸುತ್ತಿದ್ದ. ಈಗ ಬಂದವರಿಗೆಲ್ಲ 'ಆ' ಅನ್ನಿಸಿ ನೋಡಿದ. ಬೇಗ ಕಲಿತ.

ಆ ಊರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನೊಬ್ಬನಿದ್ದ. ಕಿರಿಯ ವೈದ್ಯ ಅವನಿಗೆ ಮೇಲಿನ ಹಲ್ಲುಗಳನ್ನು ಕಟ್ಟಿಕೊಟ್ಟಿದ್ದ. ತುಟಿಯೊಳಗೆ ಸಣ್ಣ ಗಾಯವಾಯಿತು. ಕಿರಿಯ ಊರಲ್ಲಿರಲಿಲ್ಲ. ಹಾಗಾಗಿ ಹರಾಜು ಕೂಗುವವನು ಹಿರಿಯನ ಬಳಿಗೆ ಬಂದ.

ಹಿರಿಯ ಸೆಟ್ಟನ್ನು ಎಳೆದು ನೋಡಿದ. ಅದು ಸುಲಭಕ್ಕೆ ಬರಲಿಲ್ಲ. ಅಂಚು ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ತುಟಿಯನ್ನು ವಸಡಿಗೆ ಬಿಗಿದಿರುವ ತೆಳು ಪೊರೆಗೆ ಮಾತ್ರ ಮುಂದಿನ ಅಂಚು ತಾಗುತ್ತಿತ್ತು. ಅಲ್ಲಿ ಒಂದಿಷ್ಟು ಉಜ್ಜಿದರೆ ಸಾಕು. ಅವನು ಉಜ್ಜಿದ. ನಂತರ, "ಹಿಂದೆಯೂ ಉದ್ದವಾಗಿದೆ, ಸರಿಮಾಡುತ್ತೇನೆ" ಎಂದು ಹಿಂದಿನ ಅಂಚನ್ನು ಅಕ್ಕಿಕಾಳಿನಷ್ಟು ಸವೆಸಿದ. ನೋವು ಹೋಯಿತು. ಹರಾಜು ಕೂಗುವವನು ಕೈಮುಗಿದು ಹೋದ.

ಮರುದಿನ ಮಾರುಕಟ್ಟೆಯಲ್ಲಿ ಅವನು ಬಾಯಿ ತೆರೆದು ಬೆಲೆ ಕೂಗಿದಾಗ ಸೆಟ್ಟು ಜಾರಿ ಗೂಡಿನ ತಟ್ಟೆಗೆ ಬಿತ್ತು. ಸುತ್ತ ನಿಂತವರು ನಕ್ಕರು. ಅವನು ಬಾಯಿಗೆ ಟವೆಲ್ ಅಡ್ಡ ಹಿಡಿದು ಮನೆಗೆ ಹೋದ. ಅವನ ಜಾಗದಲ್ಲಿ ಬೇರೊಬ್ಬ ಕೂಗಲು ನಿಂತ. ಹಲ್ಲು ಕಟ್ಟಿದ್ದು ಯಾರೆಂದು ಜನ ಕೇಳಿಕೊಂಡರು. ಅದನ್ನು ತಿಳಿದ ದಿನ ಹಿರಿಯ ವೈದ್ಯ ಹೊಟ್ಟೆತುಂಬ ಉಂಡ.

ಊರಿಗೆ ಮರಳಿದ ಕಿರಿಯ ಆ ರೋಗಿಯನ್ನು ಕರೆದುಕೊಂಡು ಹಿರಿಯನ ಬಾಗಿಲಿಗೆ ಬಂದ.

"ಹಿಂದಿನ ಅಂಚು ಉದ್ದವಾಯಿತು ಅಂದಿರಂತೆ. ನಾನು ಗೆರೆ ಗುರುತಿಸುವುದರಲ್ಲಿ ತಪ್ಪಿದ್ದೇನೆ ಅನ್ನಿಸುತ್ತದೆ. ನೀವು ಹಿರಿಯರು, ತೋರಿಸಿಕೊಡಿ. ಇನ್ನೊಬ್ಬರಿಗೆ ಹೀಗಾಗಬಾರದು" ಎಂದ.

ರೋಗಿ ಬಾಯಿ ತೆರೆದ. ಜೋರಾಗಿ ಕೂಗುತ್ತಿದ್ದವನು ಈಗ ಅಂಜುತ್ತ 'ಆ' ಅಂದ. ಅಂಗುಳು ನಡುಗಿತು. ಹಿರಿಯ ಕಡ್ಡಿಯನ್ನು ಗೆರೆಯ ಮೇಲೆ ಇಟ್ಟ. ಒಂದಿಷ್ಟು ಮುಂದಕ್ಕೆ ಸರಿಸಿ ಇದೇ ಜಾಗ ಎಂದಿದ್ದರೂ ಕಿರಿಯ ನಂಬುತ್ತಿದ್ದ. ಕಡ್ಡಿ ಸರಿಯಲಿಲ್ಲ.

"ನೀವು ಗುರುತಿಸಿದ್ದೇ ಸರಿಯಾಗಿತ್ತು. ನಾನು ಬೇಕೆಂದೇ ಸವೆಸಿದೆ" ಎಂದ.

ಕಿರಿಯ ರೋಗಿಯನ್ನು ಕರೆದುಕೊಂಡು ಎದ್ದು ಹೋದ. ಕಿರಿಯ ಹೊಸ ಸೆಟ್ಟು ಮಾಡಿಕೊಟ್ಟ. ಹರಾಜು ಕೂಗುವವನು ಮತ್ತೆ ಮಾರುಕಟ್ಟೆಗೆ ಬಂದ. ಆದರೆ ಪ್ರತಿ ಸಲ ಕೂಗುವ ಮೊದಲು ನಾಲಿಗೆಯಿಂದ ಹಲ್ಲನ್ನು ಒತ್ತಿ ನೋಡಿಕೊಳ್ಳುತ್ತಿದ್ದ. ನಡೆದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಹಿರಿಯ ಮಾತ್ರ ಅವನು ಎದುರಾದಾಗಲೆಲ್ಲ ಬೀದಿಯ ಆಚೆ ಬದಿಗೆ ದಾಟುತ್ತಿದ್ದ.

ಕತೆ ಅಲ್ಲಿಗೆ ನಿಂತಿತು. ಇಂದುಧರ ಕೇಳಿದ.

"ಹಾಗಾದರೆ ಅಸೂಯೆ ಅವನಿಗೆ ಏನನ್ನೂ ಕಲಿಸಲಿಲ್ಲ ಅಂತಲೇ ಸರ್?"

"ಕಲಿಸಿತಪ್ಪ, ಎಲ್ಲಿ ಸವೆಸಿದರೆ ಬೀಳುತ್ತದೆ ಎಂಬುದನ್ನು ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಕಲಿತವರು ಯಾರೂ ಇರಲಿಲ್ಲ" ಎಂದರು ಗುರುಶಾಂತಪ್ಪನವರು.