ಜವಳಿ ವ್ಯಾಪಾರಿಯ ಜೋಡುದೋಣಿ

"ಗುರುಗಳೇ, ಹಿಡಿಯಬೇಕೋ, ಬಿಡಬೇಕೋ?" ಎಂದು ಮರಿದೇವ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಏನನ್ನು ಎಂದು ಅವರು ಕೇಳಲಿಲ್ಲ. ಮರಿದೇವನೂ ಎದುರಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡು ತಾನಾಗಿಯೇ ಹೇಳತೊಡಗಿದ. ಎಲ್ಲಿಂದ ಶುರುಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ನಡುವಿನಿಂದ ಶುರುಮಾಡಿ, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದ.

ಅವನಿಗೆ ಒಬ್ಬನೇ ತಮ್ಮ. ತಂದೆತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವನು ಮರಿದೇವನೇ. ಪ್ರೀತಿ ಎಷ್ಟಿತ್ತೋ ಬಿಗಿಯೂ ಅಷ್ಟೇ ಇತ್ತು. ತಮ್ಮ ಯಾವ ಕೆಲಸ ಕಲಿಯಬೇಕು, ಯಾರ ಜೊತೆ ಕೂರಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಎಲ್ಲದಕ್ಕೂ ಅಣ್ಣನ ಅಪ್ಪಣೆ ಬೇಕು. ಹುಡುಗನ ಸ್ವಭಾವ ಹಗುರ, ಯಾರು ಕರೆದರೂ ಹಿಂದೆ ಹೋಗುವವನು. ಬಿಟ್ಟರೆ ಕೈತಪ್ಪಿ ಹೋಗುತ್ತಾನೆ ಎಂಬ ಭಯ ಅಣ್ಣನಿಗೆ. ಕೊನೆಗೆ ಆ ಬಿಗಿ ತಾಳಲಾರದೆ ಹುಡುಗ ಜಗಳವಾಡಿ ಓಡಿಹೋದ. ಹುಡುಕಿ ಕರೆತಂದದ್ದಾಯಿತು. ಆಗ ಗುರುಗಳು, ತಮ್ಮನ ಮೇಲೆ ಅಷ್ಟು ಬಿಗಿ ಬೇಡ, ಸ್ವಲ್ಪ ಸಡಿಲ ಬಿಡು ಎಂದಿದ್ದರು.

ಮರಿದೇವ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋದ. ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ ಎಂದು ತಮ್ಮನಿಗೆ ಹೇಳಿದ. ಮನೆಯ ಬೀಗದ ಕೈ ಅವನಿಗೆ ಕೊಟ್ಟು ತಾನು ಮಠಕ್ಕೆ ಬಂದು ಸೇರಿದ. ಅಂತೂ ಬಿಟ್ಟೆನಲ್ಲ ಎಂಬ ಸಮಾಧಾನ ಅವನಿಗಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಇತ್ತು.

ಈಗ ಊರಿನಿಂದ ಬಂದವರು ಸುದ್ದಿ ತಂದಿದ್ದರು. ತಮ್ಮ ಕುಡುಕರ ಗುಂಪು ಸೇರಿದ್ದಾನೆ, ಕೆಲಸ ಬಿಟ್ಟಿದ್ದಾನೆ, ಮನೆಗೆ ಬೀಗ ಬಿದ್ದಿದೆ. ಅಣ್ಣನ ಮಾತು ತೆಗೆದರೆ ಸುಮ್ಮನೆ ಎದ್ದು ಹೋಗುತ್ತಾನೆ. ಇದನ್ನು ಕೇಳಿದ ಮೇಲೆ ಮರಿದೇವನಿಗೆ ಅನ್ನ ಸೇರುತ್ತಿರಲಿಲ್ಲ.

"ಹಿಡಿದೆ, ಕೆಟ್ಟಿತು. ಬಿಟ್ಟೆ, ಇನ್ನೂ ಕೆಟ್ಟಿತು. ಎರಡರಲ್ಲಿ ಯಾವುದು ಸರಿ ಎಂದು ನೀವೇ ಹೇಳಿ" ಎಂದ.

ಗುರುಗಳು ಸುಲಿದ ಕಾಳನ್ನು ಮೊರಕ್ಕೆ ಹಾಕಿ, ಉತ್ತರ ಹೇಳುವ ಬದಲು ಕತೆ ತೆಗೆದರು.

ಬಯಲುಸೀಮೆಯ ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಬಟ್ಟೆಯ ಮೂಟೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಅವನು ಬಿಗಿದ ಗಂಟು ಲಾರಿಯಲ್ಲಿ ಎಷ್ಟು ದೂರ ಕುಲುಕಿದರೂ ಸಡಿಲುತ್ತಿರಲಿಲ್ಲ. ಗಂಟು ಗಟ್ಟಿಯಿದ್ದರೆ ಬದುಕು ಗಟ್ಟಿ ಎಂದು ಅಂಗಡಿಯ ಆಳುಗಳಿಗೆ ದಿನವೂ ಹೇಳುವನು. ಇಂಥವನಿಗೆ ನಡುವಯಸ್ಸಿನಲ್ಲಿ ಸಮುದ್ರದ ಹುಚ್ಚು ಹಿಡಿಯಿತು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕರಾವಳಿಗೆ ಹೋದ. ಅಲ್ಲಿ ಆಸೆಪಟ್ಟು ಒಂದು ಜೋಡುದೋಣಿ ಕೊಂಡ.

ಅದು ಮೀನು ಹಿಡಿಯುವ ದೋಣಿಯಲ್ಲ, ದಂಡೆಯ ಮರಳಿನಿಂದಲೇ ನೀರಿಗೆ ಇಳಿಸುವ ಆಟದ ದೋಣಿ. ಅಕ್ಕಪಕ್ಕ ಎರಡು ತೆಳ್ಳನೆಯ ಪೊಳ್ಳು ಒಡಲು. ನಡುವೆ ನವಾರಿನ ಮಂಚದ ಹಾಗೆ ಬಿಗಿದ ಬಲೆ, ಕೂರುವುದು ಅದರ ಮೇಲೆ. ಒಂದು ಕಂಬ, ಕಂಬಕ್ಕೆ ಹಾಯಿ, ಹಾಯಿಗೆ ಹಗ್ಗ, ಹಿಂದೆ ಚುಕ್ಕಾಣಿ. ಇಬ್ಬರು ಸೇರಿದರೆ ಮರಳಿನ ಮೇಲೆ ಎಳೆದುಕೊಂಡು ಹೋಗುವಷ್ಟು ಹಗುರ. ವ್ಯಾಪಾರಿ ಅದರ ಜೊತೆಗೆ ಲೈಫ್ ಜಾಕೆಟ್, ಕೈಗವಸು, ಟೋಪಿ, ಬಣ್ಣದ ಕನ್ನಡಕ ಎಲ್ಲವನ್ನೂ ಕೊಂಡು ಮದುವಣಿಗನ ಹಾಗೆ ಸಿಂಗರಿಸಿಕೊಂಡು ನಿಂತ.

ಮರಿದೇವನಿಗೆ ತಲೆಬುಡ ತಿಳಿಯಲಿಲ್ಲ. ಅವನು ಸಮುದ್ರವನ್ನೇ ಕಂಡವನಲ್ಲ. ತಮ್ಮನ ಕುಡಿತಕ್ಕೂ ಎರಡು ಒಡಲಿನ ದೋಣಿಗೂ ಏನು ಸಂಬಂಧ? ಆದರೂ ಗುರುಗಳ ಮಾತನ್ನು ತಡೆಯಲು ಧೈರ್ಯವಾಗದೆ ಕಾಯಿ ಸುಲಿಯುತ್ತ ಕೂತ. ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಿದ್ದ. ಗುರುಗಳು ಅದನ್ನು ನೋಡಿಯೂ ನೋಡದವರ ಹಾಗೆ ಮುಂದುವರಿಸಿದರು.

ಆ ದಂಡೆಯಲ್ಲಿ ದೋಣಿ ನಡೆಸುವುದನ್ನು ಕಲಿಸುವ ಒಬ್ಬ ಹೆಂಗಸು ಇದ್ದಳು. ಒಡಲೊಳಗೆ ನೀರು ನುಗ್ಗದಂತೆ ಹಿಂದಿನ ಬಿರಡೆಗಳನ್ನು ತಿರುಗಿಸಿ ಬಿಗಿಮಾಡುವುದನ್ನು ತೋರಿಸಿದಳು. ಹೊರಡುವ ಮೊದಲು ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ ಹಾಯಿಯನ್ನು ಸಡಿಲವಾಗಿ ಇಡಬೇಕೆಂದಳು. ಹಾಯಿಯ ಹಗ್ಗ ಸದಾ ಕೈಯಲ್ಲಿರಲಿ, ಎಲ್ಲಿಯೂ ಕಟ್ಟಬೇಡಿ ಎಂದು ಒತ್ತಿ ಹೇಳಿದಳು. ವ್ಯಾಪಾರಿ ಎಲ್ಲಕ್ಕೂ ತಲೆಯಾಡಿಸಿದ.

ನೀರಿಗೆ ಇಳಿದು ಸ್ವಲ್ಪ ದೂರ ಹೋಗುವುದರೊಳಗೆ ಅವನ ಮಣಿಕಟ್ಟು ನೋಯತೊಡಗಿತು. ಹಗ್ಗವನ್ನು ಹೀಗೆ ಕೈಯಲ್ಲಿ ಹಿಡಿದು ಕೂರುವುದು ದಡ್ಡರ ಕೆಲಸವೆಂದು ಅವನಿಗೆ ತೋರಿತು. ಪಕ್ಕದಲ್ಲಿದ್ದ ಕಬ್ಬಿಣದ ಸರಳಿಗೆ ಸುತ್ತಿ ಅಂಗಡಿಯ ಗಂಟು ಬಿಗಿದ. ಗಾಳಿ ಒಮ್ಮೆ ಜೋರಾಗಿ ಬಂತು. ಹಾಯಿಗೆ ಸಡಿಲುವ ದಾರಿ ಇರಲಿಲ್ಲ. ಒಂದು ಒಡಲು ಮೇಲೆದ್ದಿತು, ದೋಣಿ ಮಗುಚಿತು. ಗಂಟು ಮಾತ್ರ ನೀರಿನಡಿಯಲ್ಲೂ ಬಿಚ್ಚಲಿಲ್ಲ.

ಹೆಂಗಸು ಈಜಿ ಬಂದು ಆ ಗಂಟನ್ನು ಕತ್ತರಿಸಿದಳು. ಕೆಳಗಿನ ಒಡಲಿನ ಮೇಲೆ ನಿಂತು, ಮೇಲಿನ ಒಡಲಿಗೆ ಕಟ್ಟಿದ ಇನ್ನೊಂದು ಹಗ್ಗವನ್ನು ಹಿಡಿದು, ಮೈಯನ್ನು ಹಿಂದಕ್ಕೆ ವಾಲಿಸಿ ಜಗ್ಗಿದಳು. ದೋಣಿ ಎದ್ದು ಕೂತಿತು. ಹಗುರವಾದ್ದರಿಂದಲೇ ಮಗುಚಿತು, ಹಗುರವಾದ್ದರಿಂದಲೇ ಎದ್ದಿತು. ವಾಲಿದರೆ ಹಗ್ಗ ಬಿಡಿ, ಮಗುಚಿದರೆ ದೋಣಿ ಬಿಡಬೇಡಿ ಎಂದು ಅವಳು ಹೇಳಿಕೊಟ್ಟಳು.

ವ್ಯಾಪಾರಿ ಸಂಜೆಯವರೆಗೂ ಮರಳಿನ ಮೇಲೆ ಅತ್ತಿಂದಿತ್ತ ನಡೆದು ಅದನ್ನೇ ಬಾಯಿಪಾಠ ಮಾಡಿದ. ಹಗ್ಗ ಬಿಡು, ದೋಣಿ ಹಿಡಿ. ನಡುನಡುವೆ ದೋಣಿ ಬಿಡು, ಹಗ್ಗ ಹಿಡಿ ಎಂದೂ ಆಗುತ್ತಿತ್ತು. ತಿದ್ದಿಕೊಂಡು ಮತ್ತೆ ಹೇಳುತ್ತಿದ್ದ. ಮಾತು ಬಾಯಿಗೆ ಬಂತು, ಕೈಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತಿತ್ತು. ಅದು ತಿರುಗುವವರೆಗೆ ಕಾಯಬೇಕೆಂದು ಹೆಂಗಸು ಹೇಳಿದ್ದಳು. ಹುಚ್ಚು ಹಿಡಿದವನು ಕಾಯುತ್ತಾನೆಯೇ? ಒಬ್ಬನೇ ಹೋದ. ದಡ ಚಿಕ್ಕದಾಗುವಷ್ಟು ದೂರ ಹೋದ ಮೇಲೆ ದೋಣಿ ವಾಲಿತು. ಹಳೆಯ ಅಭ್ಯಾಸದಲ್ಲಿ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ. ಅದನ್ನು ಬಿಡಿಸುವುದರೊಳಗೆ ದೋಣಿ ಮಗುಚಿತು. ಮೂಗು ಬಾಯಿಗೆ ಉಪ್ಪುನೀರು ನುಗ್ಗಿತು, ಕಲಿತದ್ದೆಲ್ಲ ಕಲಸಿಹೋಯಿತು. ಒಂದೇ ಒಂದು ನೆನಪಾಯಿತು. ನಿನ್ನೆ ಕೆಟ್ಟದ್ದು ಬಿಡದೆ ಇದ್ದುದರಿಂದ. ಹಾಗಾದರೆ ಇವತ್ತು ಬಿಡಬೇಕು. ಹಗ್ಗ ಬಿಟ್ಟ, ಚುಕ್ಕಾಣಿ ಬಿಟ್ಟ, ದೋಣಿಯನ್ನೂ ಬಿಟ್ಟು ದಡದ ಕಡೆಗೆ ಈಜತೊಡಗಿದ.

ಈಜುವಾಗ ಅವನ ಮನಸ್ಸಿಗೆ ಹಾಯೆನಿಸಿತು. ಸ್ವಲ್ಪ ಹೊತ್ತಿಗೆ ದಣಿವಾಗಿ ಹಿಂದಿರುಗಿ ನೋಡಿದ. ದೋಣಿ ಬಿಟ್ಟಲ್ಲಿ ಇರಲಿಲ್ಲ. ಮಗುಚಿಕೊಂಡೇ, ಮೇಲೆದ್ದ ಬಲೆಗೆ ಗಾಳಿ ತುಂಬಿ, ಸಮುದ್ರದ ಕಡೆಗೆ ಹೋಗುತ್ತಿತ್ತು. ದಡವನ್ನು ಬಿಟ್ಟು ಅದರ ಹಿಂದೆ ಈಜಿದ. ಅವನು ಈಜಿದಷ್ಟೂ ಅದು ದೂರವಾಯಿತು. ಬಿಟ್ಟ ಆ ಗಳಿಗೆಯಲ್ಲಿ ಕೈ ಚಾಚಿದ್ದರೆ ಸಿಗುತ್ತಿತ್ತು. ಈಗ ಇತ್ತ ದಡವೂ ಇಲ್ಲ, ಅತ್ತ ದೋಣಿಯೂ ಇಲ್ಲ. ಮಧ್ಯದಲ್ಲಿ ಜಾಕೆಟಿನ ದಯೆಯಿಂದ ತೇಲುತ್ತಿದ್ದ. ಹೆಂಗಸು ಇಂಜಿನ್ ದೋಣಿಯಲ್ಲಿ ಬಂದು ಅವನನ್ನು ಮೇಲೆ ಎಳೆದುಕೊಂಡಳು.

"ದೋಣಿ ಯಾಕೆ ಬಿಟ್ರಿ?" ಎಂದು ಕೇಳಿದಳು.

"ಬಿಡಿ ಅಂತ ನೀವೇ ಹೇಳಿದ್ರಲ್ಲಮ್ಮ" ಎಂದ ವ್ಯಾಪಾರಿ.

"ಹಗ್ಗ ಬಿಡಿ ಅಂದದ್ದು ಮಾರಾಯ್ರೆ. ಹಗ್ಗ ಬಿಡುದು ದೋಣಿ ಉಳೀಲಿ ಅಂತ."

ಗುರುಗಳು ಇಷ್ಟಕ್ಕೆ ಕತೆ ನಿಲ್ಲಿಸಿದರು. ಮೊರದಲ್ಲಿ ಬಿದ್ದಿದ್ದ ಸಿಪ್ಪೆಗಳನ್ನು ಆಯ್ದು ಹೊರಗೆ ಹಾಕತೊಡಗಿದರು.

ಮರಿದೇವ ಕಾದ. ಹಿಡಿಯಬೇಕೋ ಬಿಡಬೇಕೋ ಎಂಬುದಕ್ಕೆ ಇನ್ನೂ ಒಂದು ಮಾತು ಬಂದೀತೆಂದು ಕಾದ. ಬರಲಿಲ್ಲ. ಕತೆ ಮುಗಿದಿದೆಯೋ ಇಲ್ಲವೋ ಎಂಬುದೂ ಅವನಿಗೆ ಗೊತ್ತಾಗಲಿಲ್ಲ. ನೀರಿನ ಮೇಲೆ ಮಗುಚಿಕೊಂಡೇ ಹೋಗುತ್ತಿದ್ದ ಆ ದೋಣಿ ಮಾತ್ರ ಅವನ ಕಣ್ಣಿಂದ ಹೋಗಲೊಲ್ಲದು. ಯಾಕೋ ಅವನಿಗೆ ಅಳು ಬರುವ ಹಾಗಾಯಿತು.

"ಆ ದೋಣಿ ಆಮೇಲೆ ಸಿಕ್ಕಿತೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಮೊರದಿಂದ ತಲೆಯೆತ್ತಿದರು.

"ಅದಿರಲಿ, ನಿನ್ನ ತಮ್ಮ ಈಗ ಎಷ್ಟು ದೂರ ಹೋಗಿದ್ದಾನೆ?"

ಮರಿದೇವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಊರಿನ ದಾರಿಯ ಕಡೆಗೆ ನೋಡಿದ.